ನನ್ನ ಬಚ್ಚಲಿನ ಬಯಾಲಜಿ ಲ್ಯಾಬ್

ನಮ್ಮ ಮನೆಯ ಹುಡುಗಿಗೆ ‘ನೋ’ ಎಂಬ ಪುಟ್ಟ ಇಂಗ್ಲಿಷ್ ಶಬ್ದದ ಅರ್ಥವನ್ನು ಯಾವ ಟೀಚರೂ ಹೇಳಿಕೊಟ್ಟಿಲ್ಲ! ಕಾರ್ಕಳದಲ್ಲಿರುವ ನನ್ನ ತಮ್ಮನ ಮೊಮ್ಮಗಳು. ಓದುವುದು ಉಡುಪಿಯಲ್ಲಿ, ಬಿ.ಎಸ್ಸಿ. ಎರಡನೇ ವರ್ಷ, ವಾಸ ಕಾಪುವಿನಲ್ಲಿ, ನನ್ನ ಜೊತೆ. ಈ ವಯಸ್ಸಿನವರು ಮಣಿಪಾಲಕ್ಕೆ ಹೋಗುವುದು ಪಿಜ್ಜಾ ತಿನ್ನಲು ಅಲ್ವಾ? ಇವಳು ಹೋದದ್ದು ಅಲ್ಲಿನ ಒಬ್ಬರು ಬಯಾಲಜಿ ಪ್ರೊಫೆಸರ್ ಮೇಡಂ ಅವರನ್ನು ಕಾಡಲು!

“ನಿಮ್ಮ ಲ್ಯಾಬಿನಲ್ಲಿ ರಿಸರ್ಚ್ ಮಾಡಬೇಕು, ಮೇಡಂ.”

“ಎಂ.ಎಸ್ಸಿ.ಗೆ ಸೇರಿದ ಮೇಲೆ ಬಾ.”

“ಅಷ್ಟರವರೆಗೆ ಇಲ್ಲೇ ಹೊರಗೆ ಕೂತಿರಲಾ?”

ಕೂತೇಬಿಟ್ಟಳು, ಮಾರಾಯ್ರೆ! ಪ್ರತಿ ಶನಿವಾರ ಲ್ಯಾಬಿನ ಹೊರಗಿನ ಬೆಂಚಿನಲ್ಲಿ, ಟಿಫಿನ್ ಬಾಕ್ಸ್ ಸಮೇತ. ಪಾಪ, ಕೊನೆಗೆ ಮೇಡಂ ಸೋತರು. “ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಿ ತೋರಿಸು. ಸರಿ ಇದ್ದರೆ ಸೇರಿಸುತ್ತೇನೆ. ಇಲ್ಲದಿದ್ದರೆ ಬೆಂಚು ಖಾಲಿ ಮಾಡಬೇಕು.”

ಅಂದಿನಿಂದ ನನ್ನ ಬಚ್ಚಲೇ ಲ್ಯಾಬೊರೇಟರಿ! ಹೂಡೆಯ ಹೊಳೆಯಿಂದ ಜೀವಂತ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕಿ ತಂದಳು. ಒಂದು ಬಕೆಟ್‌ನಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಅರ್ಧ ಉಪ್ಪುನೀರು, ಅರ್ಧ ಬಾವಿನೀರು. ಯಾವುದರಲ್ಲಿ ಚಿಪ್ಪು ಎಷ್ಟು ಬೆಳೆಯುತ್ತದೆಂದು ವಾರವಾರವೂ ಅಳೆಯುವುದು. ಎರಡು ಬಕೆಟ್ ಹೋದ ಮೇಲೆ ನಾನು ಸ್ನಾನ ಮಾಡುವುದು ಎಂತದರಲ್ಲಿ? ಲೋಟದಲ್ಲಾ?

“ಸೈನ್ಸಿಗಾಗಿ ಸ್ವಲ್ಪ ಅಡ್ಜಸ್ಟ್ ಮಾಡಿ, ಗ್ರಾನಿ!”

ಹೀಗಿರುವಾಗ ನನ್ನ ಬರ್ತ್‌ಡೇ ಬಂತು. ನಾನು ಇಗರ್ಜಿಯ ಪ್ರಾರ್ಥನೆಗೆ ಹೋಗಿದ್ದೆ, ಇವಳು ಕಾಲೇಜಿಗೆ. ಅಡುಗೆ ಮಾಡಿ ಸರ್‌ಪ್ರೈಸ್ ಕೊಡಲು ಕಾರ್ಕಳದಿಂದ ಇವಳ ತಾಯಿ ಬಂದಿಳಿದಳು. ಮಗಳ ‘ಪ್ರಾಜೆಕ್ಟ್’ ಕಂಪ್ಯೂಟರಿನೊಳಗೆ ಉಂಟು ಎಂದೇ ಅವಳ ನಂಬಿಕೆ. ಬಚ್ಚಲಿನಲ್ಲಿ ನೀರಲ್ಲಿಟ್ಟ ಮರುವಾಯಿ ಕಂಡರೆ ನಮ್ಮ ಕಡೆಯ ಯಾವ ಹೆಂಗಸಾದರೂ ಎಂತ ತಿಳಿದುಕೊಳ್ಳುತ್ತಾಳೆ? ಮರಳು ಬಿಡಲಿ ಎಂದು ನೆನೆಹಾಕಿದ್ದಾರೆ ಎಂದೇ!

ಮಧ್ಯಾಹ್ನ ಹುಡುಗಿ ಬರುವಷ್ಟರಲ್ಲಿ ನಾನು, ಅದು ಪೇಟೆಯಿಂದ ತಂದದ್ದೆಂದುಕೊಂಡು, ಮರುವಾಯಿ ಸುಕ್ಕವನ್ನು ಎರಡನೇ ಸಲ ಬಡಿಸಿಕೊಂಡಿದ್ದೆ.

“ಮಮ್ಮಿ, ಈ ಮರುವಾಯಿ ಎಲ್ಲಿಯದು?”

“ಬಚ್ಚಲಿನದ್ದೇ. ಎಷ್ಟು ಕ್ಲೀನ್ ಉಂಟು ನೋಡು, ಹಲ್ಲಿಗೆ ಒಂದು ಕಣ ಮರಳು ಸಿಗುವುದಿಲ್ಲ!”

ನನ್ನ ಕೈಯಲ್ಲಿದ್ದ ಡೇಟಾ ಬಾಯಿಯ ಹತ್ತಿರವೇ ನಿಂತಿತು!

ಸಂಗತಿ ತಿಳಿದ ಮೇಲೆ ತಾಯಿ ಮೆತ್ತಗೆ ಹೇಳಿದಳು, “ಕೊನೆಯ ಅಳತೆ ಒಂದೇ ತಾನೇ ಬಾಕಿ? ಅಂದಾಜಿನಲ್ಲಿ ಬರೆದು ಕೊಡು. ಮೇಡಂ ಬಂದು ನೋಡಿದ್ದಾರಾ?”

“ಸೇರಿಸದಿದ್ದರೆ ಬೇಡ. ಸುಳ್ಳು ಬರೆಯುವುದಿಲ್ಲ.” ಕಣ್ಣು ಕೆಂಪಾಗಿತ್ತು, ಕುತ್ತಿಗೆ ಮಾತ್ರ ನೆಟ್ಟಗೆ!

ನಾನು ಬಿಡುತ್ತೇನಾ? ಶನಿವಾರ ಇಗರ್ಜಿಯ ಸೀರೆ ಉಟ್ಟು ಅವಳ ಜೊತೆ ಬಸ್ ಹತ್ತಿದೆ. ಬೈಯುವುದಿದ್ದರೆ ತಿಂದವಳಿಗೂ ಬೈಯಲಿ!

“ಡೇಟಾ ಎಲ್ಲಿ?” ಮೇಡಂ ಕೇಳಿದರು.

“ತಿಂದೆವು, ಮೇಡಂ.”

“ಎಂತ?”

“ನಾನು ಎರಡು ಸಲ,” ಎಂದೆ ನಾನು, ತಲೆಯೆತ್ತಿ.

ಮೇಡಂ ಕನ್ನಡಕ ತೆಗೆದರು. “ಸ್ಯಾಂಪಲ್ ಸತ್ತಿತು, ಚೆಲ್ಲಿತು, ಬೆಕ್ಕು ಒಯ್ದಿತು, ಎಲ್ಲ ಕೇಳಿದ್ದೇನೆ. ಅಂದಾಜಿನ ಅಳತೆಗಳನ್ನೂ ಬೇಕಾದಷ್ಟು ಕಂಡಿದ್ದೇನೆ. ಇದು ಹೊಸತು. ನಿನ್ನ ಪ್ರಯೋಗ ಫೇಲ್, ಅದರಲ್ಲಿ ಡೌಟ್ ಇಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು, “ಇನ್ನು ಬಕೆಟ್ ಇಲ್ಲಿಡು, ನನ್ನ ಲ್ಯಾಬಿನಲ್ಲಿ. ಅಡುಗೆಮನೆಯಿಂದ ದೂರ!”

ಹುಡುಗಿ ಮೇಡಂ ಅವರಿಗೆ ಥ್ಯಾಂಕ್ಸ್ ಹೇಳುವುದನ್ನೂ ಮರೆತು, ನನ್ನನ್ನು ಮೈಕ್ರೋಸ್ಕೋಪಿನ ಹತ್ತಿರ ಎಳೆದೊಯ್ದಳು. ಗಾಜಿನ ಮೇಲೆ ಮರುವಾಯಿಯ ಕಿವಿರಿನ ಒಂದು ಚೂರು. ಅದರ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಇನ್ನೂ ಅಲೆಯಾಡುತ್ತಿವೆಯಂತೆ. ನಮ್ಮ ಕಾನ್ವೆಂಟಿನಲ್ಲಿ ಬಯಾಲಜಿ ಎಂದರೆ ಸಿಸ್ಟರ್ ಬೋರ್ಡಿನಲ್ಲಿ ಬಿಡಿಸಿದ ಕಪ್ಪೆಯನ್ನು ನೋಡಿ ಬರೆದು, ಪೆನ್ಸಿಲಿನಿಂದ ಶೇಡ್ ಕೊಡುವುದು. ಮುಂದೆ ಅದನ್ನೇ ಓದಬೇಕೆಂದು ಆಸೆಯಿತ್ತು. ಪಪ್ಪ ಹೊಲಿಗೆ ಕ್ಲಾಸಿಗೆ ಸೇರಿಸಿದರು.

“ಅಲ್ಲಾಡುವುದು ಕಾಣುತ್ತದಾ, ಗ್ರಾನಿ?”

“ಎಲ್ಲ ಮಸುಕು, ಮಗಾ.”

ಅವಳು ಮೈಕ್ರೋಸ್ಕೋಪಿನ ತಿರುಪು ಮುಟ್ಟಲಿಲ್ಲ. ದುಪ್ಪಟ್ಟದ ತುದಿಯಿಂದ ನನ್ನ ಕಣ್ಣೊರೆಸಿ, “ಈಗ ನೋಡಿ,” ಎಂದಳು.