ದ್ವೀಪಕ್ಕೊಂದು ಕರಾರುಪತ್ರ

ಯಾರನ್ನು ಬೇಕಾದರೂ ಕಟ್ಟಿಕೊಳ್ಳಿ, ಪತ್ರಬರಹಗಾರನನ್ನು ಮಾತ್ರ ಕಟ್ಟಿಕೊಳ್ಳಬೇಡಿ. ಹದಿನೆಂಟು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಯಜಮಾನರು ನೋಂದಣಿ ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ, ಒಂದು ಹಳೇ ಟೈಪ್‌ರೈಟರ್ ಇಟ್ಟುಕೊಂಡು ಊರಿನವರ ಕ್ರಯಪತ್ರ, ಬಾಡಿಗೆ ಕರಾರು ಬರೆಯುತ್ತಾರೆ. ಬಾಯಲ್ಲಿ ಆಡಿದ ಮಾತಿಗೆ ಅವರಲ್ಲಿ ಕಿಮ್ಮತ್ತಿಲ್ಲ. (ಮದುವೆಯಾದ ಹೊಸತರಲ್ಲಿ ನನ್ನ ಹತ್ತಿರ ಆಡಿದ್ದೆಲ್ಲ ಬರೀ ಬಾಯಿಮಾತು.)

ಈ ಸಲ ರಜೆಗೆ ದ್ವೀಪವೊಂದನ್ನು ಹುಡುಕಿದವರು ಅವರೇ.

"ಯಾರಿಗೂ ಗೊತ್ತಿಲ್ಲದ ದ್ವೀಪ ಕಣೇ. ಅಂಗಡಿ ಇಲ್ಲ, ಗದ್ದಲ ಇಲ್ಲ, ವಾರಕ್ಕೆ ಎರಡೇ ದೋಣಿ."

"ಅಡುಗೆ ಯಾರು ಮಾಡ್ತಾರೆ ರೀ?"

"ಅತಿಥಿಗೃಹದಲ್ಲಿ ಅಡುಗೆಯವನಿದ್ದಾನೆ."

"ಹಾಗಾದ್ರೆ ಬರೆದುಕೊಡಿ."

ತಮಾಷೆಗೆ ಹೇಳಿದ್ದಲ್ಲ. ಹದಿನೆಂಟು ವರ್ಷದಲ್ಲಿ ನಾನು ಬಿಸಿಬಿಸಿಯಾಗಿ ಉಂಡ ಊಟವನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದು. ನಾಲ್ಕು ದಿನ, ಬರೀ ನಾಲ್ಕು ದಿನ, ಸೌಟು ಹಿಡಿಯದೆ ಕೂತು ಉಣ್ಣಬೇಕೆಂಬ ಆಸೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಅವರು ಛಾಪಾಕಾಗದದ ಮೇಲೇ ಟೈಪ್ ಮಾಡಿ ತಂದರು. ಮೂರನೇ ಕಲಮು ಹೀಗಿತ್ತು: 'ಒಂದನೇ ಪಾರ್ಟಿಯಾದ ಹೆಂಡತಿಯು ದ್ವೀಪವಾಸದ ನಾಲ್ಕೂ ದಿನ, ಯಾವುದೇ ಕಾರಣಕ್ಕೂ, ಯಾರದೇ ಕೋರಿಕೆಯ ಮೇಲೂ, ಅಡುಗೆಮನೆಯ ಹೊಸ್ತಿಲು ದಾಟತಕ್ಕದ್ದಲ್ಲ.' ನನ್ನ ಮನಸ್ಸು ಮೆತ್ತಗೆ, ಯಾರಾದರೂ ಹಸಿದ ಮುಖ ಮಾಡಿದರೆ ಕರಗಿಬಿಡುತ್ತೇನೆ. ಅದಕ್ಕೇ 'ತನ್ನ ಸ್ವಂತ ಇಚ್ಛೆಯಿಂದಲೂ' ಎಂದು ನಾನೇ ಹಟ ಹಿಡಿದು ಸೇರಿಸಿದೆ. ಗಂಡ, ಹದಿನಾಲ್ಕು ವರ್ಷದ ಮಗಳು ಎರಡನೇ ಪಾರ್ಟಿಯಾಗಿ ಸಹಿ ಹಾಕಿದರು. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಓದಿ ಸಾಕ್ಷಿ ಹಾಕಿದರು.

ದ್ವೀಪದ ಕಟ್ಟೆಗೆ ದೋಣಿ ತಾಗಿದಾಗ ಟ್ರಂಕು ಹಿಡಿದು ನಿಂತಿದ್ದ ಒಬ್ಬ ಧಡೂತಿ ಮನುಷ್ಯ ಅತ್ತೆಗೆ ಕೈ ಕೊಟ್ಟು ಇಳಿಸಿಕೊಂಡ. ಎಂಥ ಸಭ್ಯ ಜನ ಎಂದು ಮೆಚ್ಚಿಕೊಂಡೆ. ಆಮೇಲೆ ಅವನು ಅದೇ ದೋಣಿ ಹತ್ತಿದ.

ಅತಿಥಿಗೃಹ ನೋಡಿಕೊಳ್ಳುವ ಮೇಟಿ ಬೀಗ ತೆಗೆಯುತ್ತಾ ಹೇಳಿದ, "ಅಡುಗೆಯವನಾ? ಮಗಳಿಗೆ ಹೆರಿಗೆ ಅಂತ ಈಗ ತಾನೇ ಹೋದನಲ್ಲ, ನೀವು ಬಂದ ದೋಣೀಲೇ! ದಿನಸಿ, ಮೊಟ್ಟೆ, ಕುಂಬಳಕಾಯಿ ಎಲ್ಲಾ ಇಟ್ಟಿದ್ದಾನೆ. ಇನ್ನು ದೋಣಿ ನಾಲ್ಕನೇ ದಿನಕ್ಕೇ."

ಮೂರು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನಾನು ಕೈಚೀಲದಿಂದ ಕರಾರುಪತ್ರ ತೆಗೆದು ಊಟದ ಮೇಜಿನ ಮೇಲೆ ಹರಡಿದೆ.

"ಅಲ್ಲ ಕಣೇ, ಇದು ದೈವಾಧೀನ ಅಲ್ವಾ?" ಯಜಮಾನರು ತಲೆ ಕೆರೆದುಕೊಂಡರು.

"ದೈವಕ್ಕೊಂದು ಕಲಮು ಬರೆದಿದ್ದೀರಾ? ಇಲ್ಲ ತಾನೇ?"

ಮೊದಲ ಹೊತ್ತು ಅವರೇ ಅನ್ನ ಮಾಡಿದರು. ತಳ ಹತ್ತಿತ್ತು, ಮೇಲೆ ಅಕ್ಕಿ ಹಾಗೇ ಇತ್ತು, ನಡುವೆ ಗೋಂದು. ಮಗಳು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಾಗಿಲು ಹಾಕಿಕೊಂಡಳು. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೆ ಗೆದ್ದವರ ಹಸಿವಿನ ಗತ್ತೇ ಬೇರೆ.

ಅಷ್ಟರಲ್ಲಿ ಅತ್ತೆ ಎದ್ದು ಸೆರಗು ಸಿಕ್ಕಿಸಿಕೊಂಡರು.

"ಅತ್ತೆ, ನಿಮ್ಮ ಮಂಡಿನೋವು!" ಎಂದೆ. ನಾನು ಒಳ್ಳೆ ಸೊಸೆ. ಮನೆಗೆ ಬಂದ ಎರಡನೇ ತಿಂಗಳೇ "ನೀವು ಕೂತ್ಕೊಳ್ಳಿ ಅತ್ತೆ, ನಿಮಗ್ಯಾಕೆ ತೊಂದರೆ" ಎಂದು ಕೈಯಿಂದ ಸೌಟು ತೆಗೆದುಕೊಂಡು ಆ ಬೆತ್ತದ ಕುರ್ಚಿಯಲ್ಲಿ ಕೂರಿಸಿದವಳು. ಬೀದಿಯವರೆಲ್ಲ ಹೊಗಳಿದ್ದಾರೆ.

"ಒಲೆ ಮುಂದೆ ನಿಂತರೆ ಮಂಡಿಗೇನು ಗೊತ್ತಾಗುತ್ತೆ," ಎಂದು ಅತ್ತೆ ಒಳಗೆ ಹೋದರು.

ಅರ್ಧ ಗಂಟೆಗೆ ಬಂತು ಕುಂಬಳಕಾಯಿ ಪಲ್ಯ. ಮನೆಯಲ್ಲಿ ಅದನ್ನು ತಟ್ಟೆಯ ಅಂಚಿಗೆ ದಬ್ಬುವ ಮಗಳು ಎರಡು ಸಲ ಹಾಕಿಸಿಕೊಂಡಳು. ಯಜಮಾನರು ಬೆರಳು ನೆಕ್ಕುತ್ತಾ, "ಅಮ್ಮಾ, ಈ ರುಚಿ ತಿಂದು ಹದಿನೆಂಟು ವರ್ಷ ಆಯ್ತು!" ಎಂದರು. ಸರಿಯಾಗಿ ಹದಿನೆಂಟು. ಪತ್ರಬರಹಗಾರರು ತಾರೀಖು ತಪ್ಪುವುದಿಲ್ಲ.

ಅಲ್ಲಿಂದ ನನ್ನ ರಜೆ ಶುರುವಾಯಿತು. ಜಗಲಿಯ ಕುರ್ಚಿ, ಎದುರಿಗೆ ಸಮುದ್ರ. ಸಮುದ್ರ ಅಂದರೆ ಏನು ಹೇಳಲಿ, ಬರುತ್ತೆ, ಹೋಗುತ್ತೆ. ಎಷ್ಟು ಹೊತ್ತು ನೋಡುವುದು? ಒಳಗಿನಿಂದ ಒಗ್ಗರಣೆಯ ಚಟಪಟ, ಮಗಳ ನಗು, "ಅಜ್ಜಿ, ನಾನು ತಿರುವ್ತೀನಿ", ಯಜಮಾನರು ಈರುಳ್ಳಿ ಹೆಚ್ಚುವ ಸದ್ದು. ಹೌದು, ಈರುಳ್ಳಿ! ನನ್ನ ಅಡುಗೆಮನೆಯಲ್ಲಿ ಚಾಕು ಎಲ್ಲಿದೆ ಎಂದೂ ಗೊತ್ತಿಲ್ಲದ ಮನುಷ್ಯ. ಬಿಸಿ ಊಟ ಹೊತ್ತುಹೊತ್ತಿಗೆ ನಾನು ಕೂತಲ್ಲಿಗೇ ಬಂತು. ಬಯಸಿದ್ದು ಅದನ್ನೇ. ನುಂಗಲಿಕ್ಕೆ ಮಾತ್ರ ಆಗಲಿಲ್ಲ, ಹೊಟ್ಟೆ ತುಂಬ ಉರಿಯೇ ಇತ್ತು.

ಮೂರನೇ ದಿನ ಮಾನ ಬಿಟ್ಟು ಹೊಸ್ತಿಲ ಹತ್ತಿರ ನಿಂತೆ.

"ಅತ್ತೆ, ಸೊಪ್ಪಾದ್ರೂ ಸೋಸಿಕೊಡ್ಲಾ?"

"ಮೂರನೇ ಕಲಮು," ಎಂದರು ಯಜಮಾನರು ತಲೆಯೆತ್ತದೆ. "ಸ್ವಂತ ಇಚ್ಛೆಯಿಂದಲೂ."

"ನೀವು ಸುಮ್ನಿರಿ! ನಾನು ಅತ್ತೇನ ಕೇಳ್ತಿದ್ದೀನಿ."

ಅತ್ತೆ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ಕಷ್ಟ.

"ಬೇಡಮ್ಮ. ನನಗೆ ನೀನು ಹದಿನೆಂಟು ವರ್ಷ ರಜೆ ಕೊಟ್ಟೆ. ನೀನೂ ನಾಲ್ಕು ದಿನ ತಗೊಂಡು ನೋಡು, ಹೇಗಿರುತ್ತೆ ಅಂತ."

ಹೋಗಿ ಸಮುದ್ರದ ಮುಂದೆ ಕೂತೆ. ಹದಿನೆಂಟು ವರ್ಷ ಅವರು ಆ ಕಿಟಕಿಯಿಂದ ಏನು ನೋಡುತ್ತಿದ್ದರೋ ಎಂದು ಮೊದಲ ಸಲ ಯೋಚನೆ ಬಂತು. ಅಲ್ಲಿ ಸಮುದ್ರವೂ ಇಲ್ಲ, ಎದುರುಮನೆಯ ಗೋಡೆ ಅಷ್ಟೇ.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಗೆ ಧಾವಿಸಿದೆ. ಒಲೆ ಆಗಲೇ ಉರಿಯುತ್ತಿತ್ತು. ಅತ್ತೆ ಸೌಟು ಆಡಿಸುತ್ತಿದ್ದರು, ಯಜಮಾನರು ಈರುಳ್ಳಿ ಮುಂದಿಟ್ಟುಕೊಂಡಿದ್ದರು. ಮೇಜಿನ ಮೇಲೆ ಹೊಸ ಛಾಪಾಕಾಗದ: 'ಸದರಿ ಕರಾರನ್ನು ದ್ವೀಪದಿಂದ ಮನೆಗೂ ವಿಸ್ತರಿಸಿ, ಮುಂದಿನ ತಿದ್ದುಪಡಿಯವರೆಗೆ ಅಡುಗೆಮನೆಯು ಒಂದನೇ ಪಾರ್ಟಿಯ ಸ್ವಾಧೀನದಲ್ಲಿರತಕ್ಕದ್ದು.' ಒಂದನೇ ಪಾರ್ಟಿ ಅತ್ತೆ, ಎರಡನೇ ಪಾರ್ಟಿ ಅವರ ಮಗ. ನನ್ನ ಹೆಸರು ಕೊನೆಯಲ್ಲಿ, ಸಾಕ್ಷಿಯ ಜಾಗದಲ್ಲಿತ್ತು.

"ಸಹಿ ಹಾಕಮ್ಮ," ಎಂದು ಮಗಳು ಪೆನ್ನು ಕೊಟ್ಟಳು.

ಬೆತ್ತದ ಕುರ್ಚಿಯೊಂದೇ ಖಾಲಿ ಇತ್ತು. ಅದರಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಎಲ್ಲವನ್ನೂ ಓದಿ, ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ ಸಹಿ ಹಾಕಿದೆ.