ನಾನು ಮಿರ್ಚಿ ಬಿಟ್ಟ ಲೆಂಟ್

ಲೋಕದ ಶೋಧನೆಗಳನ್ನು, ಅಂದರೆ ಆಸೆಗಳ ಸೆಳೆತವನ್ನು, ಜಯಿಸುವುದು ಬಹಳ ಕಷ್ಟ ಎಂದು ದೊಡ್ಡ ಭಕ್ತರೆಲ್ಲ ಹೇಳುತ್ತಾರೆ. ಅವರು ಯಾರೂ ನಮ್ಮ ಕೊಟ್ಟೂರಿನಲ್ಲಿ ಉಪವಾಸ ಮಾಡಿದವರಲ್ಲ. ಇಲ್ಲಿ ಶೋಧನೆಗೆ ಬೀಳುವುದೇ ಕಷ್ಟ ಸ್ವಾಮಿ. ನಾನು ಬೀಳಲು ಒದ್ದಾಡಿ ಸೋತವನು.

ನಮ್ಮದು ಚಿಕ್ಕ ಕ್ರೈಸ್ತ ಸಭೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಲೆಂಟ್ ಉಪವಾಸ ಬಂದರೆ ಪ್ರತಿಯೊಬ್ಬರೂ ಚರ್ಚಿನಲ್ಲಿ ಎದ್ದು ನಿಂತು, ತಾವು ಬಿಡುವ ಲೋಕದ ಆಸೆ ಯಾವುದೆಂದು ಹೇಳಬೇಕು. ನನ್ನ ಹೆಂಡತಿ ಎಸ್ತರ್ ಧಾರಾವಾಹಿ ಬಿಟ್ಟಳು. ಪಕ್ಕದ ಬೆಂಚಿನವರು ಮಟನ್ ಬಿಟ್ಟರು. ಅದನ್ನು ಡಾಕ್ಟರು ಆಗಲೇ ಬಿಡಿಸಿದ್ದರು. ನಾನು ಹಾಗಲಕಾಯಿ ಬಿಡೋಣವೆಂದು ಎದ್ದಿದ್ದೆ. ಎಸ್ತರ್ ನೋಡಿದ ನೋಟಕ್ಕೆ ಬಾಯಿಂದ ನಿಜ ಜಾರಿತು: ಮಿರ್ಚಿ. ಶಾಲೆ ಬಿಟ್ಟ ಮೇಲೆ ಒಗ್ಗರಣೆ ಮಂಡಕ್ಕಿಯ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನದಿದ್ದರೆ ಈ ಮೇಷ್ಟ್ರಿಗೆ ಮನೆ ದಾರಿ ಕಾಣುವುದಿಲ್ಲ ಎಂಬುದು ಸಭೆಗೆಲ್ಲ ಗೊತ್ತು.

ಮರುದಿನ ಬಸ್ ಸ್ಟ್ಯಾಂಡ್ ಹತ್ತಿರ ಕೊಟ್ರೇಶಪ್ಪನ ಮಿರ್ಚಿ ಅಂಗಡಿಯನ್ನು ಸುಮ್ಮನೆ ದಾಟಿ ಹೋಗಿದ್ದರೆ ಆಗುತ್ತಿತ್ತು. ನಿಜವಾದ ಭಕ್ತರು ಹಾಗೇ ಹೋಗುತ್ತಾರೆ. ನಾನು ಎದುರಿಗೇ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ, ದೇವರಿಗಾಗಿ ಈಸ್ಟರ್‌ವರೆಗೆ ಮಿರ್ಚಿ ಬಿಟ್ಟಿದ್ದೇನೆ ಎಂದು ಸಾರಿದೆ. ಕೊಟ್ರೇಶಪ್ಪ ಜಾಲರಿ ಸೌಟು ಕೆಳಗಿಟ್ಟು ಕೈಮುಗಿದ. ನನಗೆಷ್ಟು ಹಿಗ್ಗಾಯಿತೆಂದರೆ ಆ ಸಂಜೆ ಹಸಿವೇ ಆಗಲಿಲ್ಲ.

ಹಸಿವು ಆಮೇಲೆ ಬಂತು. ದೇವರು ಕ್ಷಮಿಸುವವನು, ಎಸ್ತರ್ ಮನೆಯಲ್ಲಿದ್ದಾಳೆ ಎಂದು ಲೆಕ್ಕ ಹಾಕಿ, ಅಂಗಡಿಯ ಹಿಂಬದಿಗೆ ಹೋಗಿ ಮೆಲ್ಲಗೆ ಒಂದೇ ಒಂದು ಕೊಡಪ್ಪ ಎಂದೆ. ಕೊಟ್ರೇಶಪ್ಪ ಬೆಚ್ಚಿಬಿದ್ದ.

"ಆಗಂಗಿಲ್ರಿ ಸರ್. ಯಾವ ದೇವ್ರಾದ್ರೇನ್ರಿ, ಕೊಟ್ಟ ಮಾತು ಮಾತ ಅಲ್ಲೇನು? ನಿಮ್ಮ ವ್ರತ ಕೆಡಿಸಿದ ಪಾಪ ನನ್ನ ಬಾಣಲಿಗಿ ಬಡಿತೈತ್ರಿ."

ನಮ್ಮ ದೇವರು ಬಾಣಲೆಯ ತಂಟೆಗೆ ಬರುವವನಲ್ಲ ಎಂದು ಬೈಬಲ್ ವಾಕ್ಯ ಸಮೇತ ವಿವರಿಸಿದೆ. ಅವನು ಒಪ್ಪಲಿಲ್ಲ, ಅಕ್ಕಪಕ್ಕದ ಅಂಗಡಿಗಳಿಗೂ ಹೇಳಿಬಿಟ್ಟ. ನಾನು ಬೀದಿಯಲ್ಲಿ ಬರುವುದು ಕಂಡರೆ ಸಾಕು, ಮಿರ್ಚಿ ತಟ್ಟೆಗಳ ಮೇಲೆ ಪೇಪರ್ ಮುಚ್ಚುವರು. ಕೊನೆಗೊಂದು ಶನಿವಾರ ಪ್ರಾರ್ಥನಾ ಕೂಟವಿದೆ ಎಂದು ಎಸ್ತರ್‌ಗೆ ಹೇಳಿ, ಬಸ್ಸು ಹತ್ತಿ ಕಾನಹೊಸಹಳ್ಳಿಗೆ ಹೋದೆ. ಅಲ್ಲಿಯ ಮಿರ್ಚಿ ಅಂಗಡಿಯವನು ನನ್ನನ್ನೂ ಮೊಬೈಲನ್ನೂ ಬದಲಿಸಿ ಬದಲಿಸಿ ನೋಡಿದ. ಅವನು ಕೊಟ್ರೇಶಪ್ಪನ ಷಡ್ಡಕನಂತೆ. ಮುನ್ನೆಚ್ಚರಿಕೆಗೆ ಸುತ್ತಲ ಊರುಗಳಿಗೆಲ್ಲ ನನ್ನ ಫೋಟೋ ಹೋಗಿತ್ತಂತೆ. ಒಂದು ಲೋಟ ಮಜ್ಜಿಗೆ ಕುಡಿಸಿ, ವಾಪಸ್ ಬಸ್ಸಿಗೆ ತಾನೇ ಹತ್ತಿಸಿ ಹೋದ ಪುಣ್ಯಾತ್ಮ.

ಈಸ್ಟರ್ ದಿನ ಚರ್ಚಿನಲ್ಲಿ ಎಲ್ಲರ ಮುಂದೆ ಸಾಕ್ಷಿ ಹೇಳಲು ಕರೆದರು. ಲೋಕವನ್ನು ಹೇಗೆ ಜಯಿಸಿದಿರಿ ಎಂದು ಪಾಸ್ಟರು ಕೇಳಿದಾಗ, ಲೋಕವೇ ನನ್ನನ್ನು ಹತ್ತಿರ ಸೇರಿಸಲಿಲ್ಲ ಎನ್ನಬೇಕಿತ್ತು. ಪ್ರಾರ್ಥನೆಯಿಂದ ಎಂದೆ. ಎಸ್ತರ್ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆ ತುಸು ಹೆಚ್ಚು.

ಚರ್ಚಿನಿಂದ ನೆಟ್ಟಗೆ ಕೊಟ್ರೇಶಪ್ಪನಲ್ಲಿಗೆ ಹೋದೆ. ನನಗಾಗಿಯೇ ಹೊಸ ಎಣ್ಣೆ ಹಾಕಿ ಕಾಯುತ್ತಿದ್ದ. ನಾನು ಮೊದಲ ಮಿರ್ಚಿಯನ್ನು ಬಾಯಿಗಿಟ್ಟಾಗ ಪಕ್ಕದಲ್ಲಿ ಬಂದು ಕೂತ.

"ನಿಮ್ಮನ್ನ ನೋಡಿ ನಾನೂ ಅವತ್ತಿಂದ ಬೀಡಿ ಬಿಟ್ಟೀನ್ರಿ ಸರ್. ಮನ್ಯಾಗೂ ಹೇಳಿಲ್ಲ. ನಿಮಗಾದ್ರ ತಡಿಯಾಕ ನಾವೆಲ್ಲ ಇದ್ವಿ. ನನಗ ಬೀಡಿ ಯಾರು ಕೇಳಿದ್ರೂ ಕೊಡತಾರ. ಆಸಿ ಬಂದಾಗ ಹೇಳ್ಕೊಳ್ಳಾಕ ನಿಮ್ಮದೊಂದು ಪ್ರಾರ್ಥನಿ ಕಲಿಸ್ರಿ."

ಬಾಯಲ್ಲಿ ಮಿರ್ಚಿ ಇತ್ತು. ಅದು ಮುಗಿಯುವಷ್ಟರಲ್ಲಿ ಏನಾದರೂ ಹೊಳೆದೀತೆಂದು ನಿಧಾನವಾಗಿ ಅಗಿದೆ. ಮಿರ್ಚಿ ಮುಗಿಯಿತು. ಇನ್ನೆರಡು ಹಾಕು ಎಂದೆ.