ಒಂದೇ ಒಂದು ‘ಗೊತ್ತಿಲ್ಲ’

ಇಡೀ ಊರಿನಲ್ಲಿ ಒಬ್ಬನಾದರೂ ‘ಗೊತ್ತಿಲ್ಲ’ ಅನ್ನದೆ ಹೋದದ್ದೇ ಪ್ರಶ್ನಪ್ಪನ ಕಷ್ಟಕ್ಕೆಲ್ಲ ಮೂಲ.

ಪ್ರಶ್ನಪ್ಪ ಅನ್ನುವುದು ಜನ ಇಟ್ಟ ಹೆಸರು. ಅಸಲು ಹೆಸರು ಅವನ ಹೆಂಡತಿಗೂ ಮರೆತು ಎಷ್ಟೋ ಕಾಲವಾಗಿದೆ. ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳಿ ತರುವ ಕಂಪನಿಯಲ್ಲಿ ಅವನು ಹಂಗಾಮಿ ನೌಕರ. ಸಮಾಜ, ರಾಜಕೀಯ, ತಂತ್ರಜ್ಞಾನ, ಆರೋಗ್ಯ, ಒಂದೊಂದಕ್ಕೆ ಒಂದೊಂದು ಪ್ರಶ್ನೆ. ಉತ್ತರ ‘ಹೌದು’, ‘ಇಲ್ಲ’ ಅಥವಾ ‘ಗೊತ್ತಿಲ್ಲ’. ಕಾಯಂ ಆದವರಿಗೆ ಕಚೇರಿಯಲ್ಲಿ ಗರಗರ ತಿರುಗುವ ಕುರ್ಚಿ ಕೊಡುತ್ತಿದ್ದರು; ಹಂಗಾಮಿಗಳಿಗೆ ಒರಗಿಕೊಳ್ಳಲು ಗೋಡೆ. ಆ ಕುರ್ಚಿಯ ಕನಸು ಕಂಡು ಕಂಡು ಪ್ರಶ್ನಪ್ಪ ನಿದ್ದೆಯಲ್ಲೂ ಹಾಸಿಗೆ ಮೇಲೆ ಗರಗರ ತಿರುಗಿ, ಹೆಂಡತಿಯನ್ನು ನೆಲಕ್ಕೆ ಉರುಳಿಸುತ್ತಿದ್ದ.

ಅವತ್ತು ಬೆಳಗ್ಗೆ ಮೇಲ್ವಿಚಾರಕಿ ಕರೆದರು. ಆಕೆ ಕನ್ನಡಕ ತೆಗೆದು ನೋಡಿದರೆ ಓಡುವ ಫ್ಯಾನೂ ಹೆದರಿ ನಿಲ್ಲುತ್ತಿತ್ತು.

“ಏನ್ರೀ ಇದು? ‘ಗೊತ್ತಿಲ್ಲ’ ಕಾಲಂ ತೊಳೆದಿಟ್ಟ ತಟ್ಟೆ ಥರ ಇದೆ!”

“ಯಾರೂ ಹಾಗನ್ನಲ್ಲ ಮೇಡಂ.”

“ಇಷ್ಟು ದೊಡ್ಡ ಊರಲ್ಲಿ ಎಲ್ಲರಿಗೂ ಎಲ್ಲಾ ಗೊತ್ತಾ? ಯಾರ್ರೀ ನಂಬ್ತಾರೆ? ಮರದ ಕೆಳಗೆ ಕೂತು ಗೀಚಿದ್ದು ಅಂತಾರೆ. ಸಂಜೆ ಐದರೊಳಗೆ ನಾಲ್ಕೂ ಪ್ರಶ್ನೆಗೆ ‘ಗೊತ್ತಿಲ್ಲ’ ಅನ್ನೋ ಒಬ್ಬನ್ನ ಹುಡುಕಿ. ಸಿಕ್ಕಿದ್ರೆ ಕೆಲಸ ಕಾಯಂ. ಇಲ್ದಿದ್ರೆ ನಾಳೆಯಿಂದ ಬರ್ಲೇಬೇಡಿ.”

ಸುಳ್ಳು ಬರೆದುಕೊಂಡು ಬರುವ ಹಾಗಿರಲಿಲ್ಲ. ಕೈಯಲ್ಲಿದ್ದ ಯಂತ್ರ ಎಲ್ಲರ ಮಾತನ್ನೂ ಉಸಿರು ಬಿಡದೆ ರೆಕಾರ್ಡ್ ಮಾಡುತ್ತಿತ್ತು.

ಮೊದಲು ಸಿಕ್ಕವನು ದರ್ಜಿ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿಯೊಬ್ಬನ ಪ್ಯಾಂಟಿಗೆ ಬಟ್ಟೆ ಕತ್ತರಿಸುತ್ತಿದ್ದ. ಇಷ್ಟು ಸೂಜಿ ಇರುವ ಬಾಯಿಂದ ಅಭಿಪ್ರಾಯ ಬರಲಾರದು ಅಂತ ಪ್ರಶ್ನಪ್ಪನ ಲೆಕ್ಕಾಚಾರ.

“ಮೊಬೈಲಲ್ಲೇ ಓಟು ಹಾಕೋ ಹಾಗಾದ್ರೆ ಒಳ್ಳೇದಾ?”

ಸೂಜಿಗಳು ಬಾಣದ ಹಾಗೆ ಹಾರಿದವು. “ಬೇಡ್ವೇ ಬೇಡ! ಮೊನ್ನೆ ಹೆಂಡ್ತಿಗೆ ಫೋನ್ ಒತ್ತಿದ್ರೆ ಅಗ್ನಿಶಾಮಕದವ್ರು ಬಂದ್ರು. ಇದ್ರಲ್ಲಿ ಓಟು ಒತ್ತಿದ್ರೆ ಯಾರು ಗೆಲ್ತಾರೋ!”

ಪ್ರಶ್ನಪ್ಪ ಸುಮ್ಮನೆ ಬರೆದುಕೊಂಡು ಹೊರಡಬೇಕಿತ್ತು. ಆದರೆ ಯಾರಾದರೂ ಒಂದು ಮಾತು ಹೇಳಿದರೆ ಅದಕ್ಕೆ ಎದುರಾಡದಿದ್ದರೆ ಅವನ ನಾಲಿಗೆ ತುರಿಸುತ್ತಿತ್ತು. “ಅದು ಫೋನಿನ ತಪ್ಪಲ್ಲ ಸ್ವಾಮಿ, ನಿಮ್ಮ ಬೆರಳಿನ ತಪ್ಪು. ನಾನು ಹೇಳೋದು ಕೇಳಿ...” ಅಂತ ಶುರು ಮಾಡಿದವನು ನಿಲ್ಲಿಸುವಷ್ಟರಲ್ಲಿ ವಾದಕ್ಕೆ ಗಿರಾಕಿಯೂ ಇಳಿದಿದ್ದ. ವಾದದ ಬಿರುಸಿಗೆ ಕತ್ತರಿ ಎಲ್ಲೆಲ್ಲೋ ಓಡಿ, ಪ್ಯಾಂಟು ಆಗಬೇಕಿದ್ದ ಬಟ್ಟೆ ಚಡ್ಡಿಗೂ ಸಾಲದಾಯಿತು.

‘ಗೊತ್ತಿರೋ ವಿಷಯ ಕೇಳಿದ್ದೇ ತಪ್ಪು’ ಅಂದುಕೊಂಡ ಪ್ರಶ್ನಪ್ಪ, ಔಷಧಿ ಅಂಗಡಿಯ ಸಾಲಿನ ಮುಂದೆ ನಿಂತು, ಭೂಮಿಯ ಮೇಲೆ ಇಲ್ಲದ ರೋಗವೊಂದನ್ನು ಅಲ್ಲೇ ಹುಟ್ಟಿಸಿದ. “ಟಿಂಕೋಸಿಸ್ಸಿಗೆ ಬಿಸಿನೀರು ಒಳ್ಳೇದಾ?”

“ಬಿಸಿನೀರಾ? ಜೀವ ಹೋಗುತ್ತೆ!” ಅಂದ ಒಬ್ಬ ದಢೂತಿ. “ಅದಕ್ಕೆ ತಣ್ಣೀರೇ ಆಗಬೇಕು.”

“ಯಾರ್ರೀ ಹೇಳಿದ್ದು? ನಮ್ಮ ಓರಗಿತ್ತಿಗೆ ಎರಡು ಸಲ ಬಂದಿತ್ತು,” ಅಂದಳು ಹಿಂದಿದ್ದವಳು. “ಎಡಮಗ್ಗುಲಾಗಿ ಮಲಗಿ ಮಲಗಿ ವಾಸಿ ಮಾಡ್ಕೊಂಡ್ಳು.”

ಸಾಲಿನ ಕೊನೆಯಲ್ಲಿದ್ದ ಅಜ್ಜ ತನ್ನ ನಾಡಿ ತಾನೇ ಹಿಡಿದು ನೋಡಿ ಕುಸಿದು ಕೂತ. “ನಂಗಿರೋದೂ ಅದೇ ಕಣಪ್ಪಾ.” ಅಂಗಡಿಯವನು ತಲೆ ಎತ್ತದೆ, “ಅದರ ಮಾತ್ರೆ ಈಗಷ್ಟೇ ಖಾಲಿಯಾಯ್ತು, ನಾಳೆ ಬನ್ನಿ,” ಅಂದುಬಿಟ್ಟ.

ರೋಗ ಹುಟ್ಟಿಸಿದ ಬ್ರಹ್ಮ ಅಷ್ಟಕ್ಕೇ ಜಾಗ ಖಾಲಿ ಮಾಡಬಹುದಿತ್ತು. ನಾಲಿಗೆ ಬಿಡಬೇಕಲ್ಲ! “ಎಡಮಗ್ಗುಲಲ್ಲಮ್ಮ, ಬಲಮಗ್ಗುಲು!” ಅಂತ ವಾದಕ್ಕೆ ನಿಂತೇಬಿಟ್ಟ. ಸಾಲು ಎಡ-ಬಲ ಅಂತ ಎರಡು ಪಕ್ಷವಾಗಿ ಸೀಳಿತು.

ಹೇಗೋ ತಪ್ಪಿಸಿಕೊಂಡು ತನ್ನ ಬೀದಿಗೆ ಬಂದು ಬಿದ್ದವನ ಗೋಳು ಕೇಳಿದ್ದು ಎದುರುಮನೆ ಅಕ್ಕ.

“ಅಯ್ಯೋ, ಇಷ್ಟೇನಾ? ನಮ್ಮನೆಯವ್ರಿಲ್ವಾ! ಮದುವೆ ಆದಾಗಿಂದ ಅವರಿಗೆ ಅಂತ ಒಂದು ಅಭಿಪ್ರಾಯ ಇದ್ದದ್ದನ್ನ ನಾನು ನೋಡಿಲ್ಲ. ರೀ, ಬನ್ರೀ ಇಲ್ಲಿ!”

ಗಿಡಕ್ಕೆ ನೀರು ಹಾಕುತ್ತಿದ್ದ ಭಾವ ಕೈಯಲ್ಲಿ ಡಬ್ಬ ಹಿಡಿದೇ ಬಂದರು. ಪ್ರಶ್ನಪ್ಪ ಯಂತ್ರ ಮುಂದೆ ಹಿಡಿದ. “ಒಬ್ಬರ ವಿಷಯಕ್ಕೆ ಇನ್ನೊಬ್ಬರು ತಲೆ ಹಾಕೋದರಿಂದ ಸಮಾಜಕ್ಕೆ ಒಳ್ಳೇದಾ ಭಾವ?”

ಭಾವ ಹೆಂಡತಿಯ ಮುಖ ನೋಡಿದರು. ಯಂತ್ರ ನೋಡಿದರು. “ಇದರಲ್ಲಿ ಮಾತಾಡಿದ್ದು ಹಾಗೇ ಉಳಿಯುತ್ತಾ? ಯಾರೂ ಅಳಿಸೋಕಾಗಲ್ವಾ?”

“ಇಲ್ಲ.”

“ಹಾಗಾದ್ರೆ ಹಿಡ್ಕೊ!”

ಅಣೆಕಟ್ಟು ಒಡೆದದ್ದು ನೋಡಿದವರುಂಟು. ಈ ಭಾವ ಬಾಯಿ ತೆರೆದದ್ದನ್ನು ನೋಡಿದವರಿಗೆ ಅದು ನಲ್ಲಿ ಸೋರಿದಂತೆ ಕಂಡೀತು. ಕಿಟಕಿ ಪರದೆಯ ಬಣ್ಣ, ಸರ್ಕಾರದ ನಡೆ, ಭಾಮೈದನ ಮೀಸೆ, ಮೊಬೈಲ್ ಕಂಪನಿಗಳ ಮೋಸ, ಎಲ್ಲವೂ ಒಂದೇ ಉಸಿರಿನಲ್ಲಿ ಬಂತು. ಬೀದಿ ಬೀದಿಯೇ ಸೇರಿ ಚಪ್ಪಾಳೆ ಹೊಡೆಯಿತು. “ಇಷ್ಟೆಲ್ಲಾ ಒಳಗಿಟ್ಕೊಂಡಿದ್ರೇನ್ರೀ?” ಅಂತ ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪ್ರಶ್ನಪ್ಪ ಮಾತ್ರ, “ಪರದೆ ಬಣ್ಣದ ವಿಷಯದಲ್ಲಿ ನೀವು ಹೇಳಿದ್ದು ತಪ್ಪು ಭಾವ,” ಅಂತ ಅಲ್ಲೂ ಒಂದು ಅಧ್ಯಾಯ ಸೇರಿಸಿದ.

ಐದು ಗಂಟೆ ಹತ್ತಿರವಾಯಿತು. ಪ್ರಶ್ನಪ್ಪ ತಲೆ ತಗ್ಗಿಸಿಕೊಂಡು ಕಚೇರಿಯತ್ತ ಹೊರಟ. ಅವನ ಹಿಂದೆ ಜನಸಾಗರ: “ಇನ್ನೊಂದು ಮಾತು ಸೇರಿಸ್ಕೊಳ್ಳಿ” ಅನ್ನುವ ದರ್ಜಿ, ಎಡಮಗ್ಗುಲಿನವರು, ಬಲಮಗ್ಗುಲಿನವರು, ಇನ್ನೂ ಮಾತು ನಿಲ್ಲಿಸದ ಭಾವ.

ಕಚೇರಿಯ ಮೆಟ್ಟಿಲ ಮೇಲೆ ಅಪರಿಚಿತನೊಬ್ಬ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ಪ್ರಶ್ನಪ್ಪ ಬರೀ ಅಭ್ಯಾಸಬಲದಿಂದ ಕೇಳಿದ. “ಮೊಬೈಲಲ್ಲೇ ಓಟು ಹಾಕೋದು ಒಳ್ಳೇದಾ?”

“ಗೊತ್ತಿಲ್ಲ.”

ಪ್ರಶ್ನಪ್ಪ ಯಂತ್ರವನ್ನು ಅವನ ಬಾಯಿಗೇ ಹಿಡಿದ. “ಮಕ್ಕಳ ಕೈಗೆ ಫೋನ್ ಕೊಡಬಹುದಾ?”

“ಗೊತ್ತಿಲ್ಲ.”

ಅದ್ಹೇಗ್ರೀ ಗೊತ್ತಿಲ್ಲ ಅಂತೀರಾ ಅಂತ ನಾಲಿಗೆ ತುದಿಗೆ ಬಂತು. ಪ್ರಶ್ನಪ್ಪ ಕರವಸ್ತ್ರ ಉಂಡೆ ಮಾಡಿ ಬಾಯಿಗೆ ತುರುಕಿಕೊಂಡ. ಅಂಥ ಸಂಯಮ ಯಾವ ತಪಸ್ವಿಗೂ ಸಾಧ್ಯವಿಲ್ಲ. ಉಳಿದೆರಡು ಪ್ರಶ್ನೆಯನ್ನು ಯಂತ್ರದ ಪರದೆಯಲ್ಲೇ ತೋರಿಸಿದ. ಸಮಾಜಕ್ಕೂ ‘ಗೊತ್ತಿಲ್ಲ’. ಆರೋಗ್ಯಕ್ಕೂ ‘ಗೊತ್ತಿಲ್ಲ’!

ಜನ ಮುಗಿಬಿದ್ದರು. “ಏನೂ ಗೊತ್ತಿಲ್ವಂತೆ!” “ಯಾವುದೂನಾ?” “ಪಾಪ, ನೋಡೋಕೆ ಚೆನ್ನಾಗೇ ಇದಾನಲ್ಲೇ!” ಒಬ್ಬಿಬ್ಬರು ಅವನನ್ನು ಮುಟ್ಟಿಯೂ ನೋಡಿದರು. ಪ್ರಶ್ನಪ್ಪ ಅವನನ್ನು ಹೆಗಲ ಮೇಲೆ ಹೊತ್ತ. ಪ್ರಶ್ನಪ್ಪನನ್ನು ಜನ ಹೊತ್ತರು. ಆ ಜಯಘೋಷಕ್ಕೆ ಬೀದಿಯ ಕಿಟಕಿಗಾಜುಗಳೆಲ್ಲ ಅದುರಿದವು.

ರೆಕಾರ್ಡ್ ಕೇಳಿದ ಮೇಲ್ವಿಚಾರಕಿಯ ಕಣ್ಣಲ್ಲಿ ನೀರು. “ತಂದೇಬಿಟ್ರಲ್ರೀ! ಕೂತ್ಕೊಳ್ಳಿ, ಆ ಕುರ್ಚಿ ಇನ್ಮೇಲೆ ನಿಮ್ದೇ.”

ಪ್ರಶ್ನಪ್ಪ ಕೂತ. ಒಂದು ಸುತ್ತು ತಿರುಗಿದ. ಸ್ವರ್ಗ! ಎರಡನೇ ಸುತ್ತು ಅರ್ಧ ಆಗಿತ್ತು. ಅಷ್ಟರಲ್ಲಿ ಆಕೆ ದಿನದ ಉಳಿದ ರೆಕಾರ್ಡುಗಳನ್ನೂ ಹಾಕಿದರು. ‘ನಾನು ಹೇಳೋದು ಕೇಳಿ...’ ‘ಎಡಮಗ್ಗುಲಲ್ಲಮ್ಮ...’ ‘ನೀವು ಹೇಳಿದ್ದು ತಪ್ಪು ಭಾವ...’

“ಇದ್ಯಾರ್ರೀ, ಎಲ್ಲಾ ಕಡೆ ಒಬ್ನೇ ಕೂಗಾಡ್ತಿರೋದು?”

“...ನಾನೇ ಮೇಡಂ.”

ಕನ್ನಡಕ ಕೆಳಗಿಳಿಯಿತು. ಫ್ಯಾನು ನಿಂತಿತು. “ಪ್ರಶ್ನೆ ಕೇಳೋನಿಗೆ ಸ್ವಂತ ಅಭಿಪ್ರಾಯ ಇರಲೇಬಾರ್ದು ಕಣ್ರೀ!” ಆಕೆ ಅಪರಿಚಿತನ ಕಡೆ ತಿರುಗಿದರು. “ನೀವ್ಯಾಕೆ ಮೆಟ್ಟಿಲ ಮೇಲೆ ಕೂತಿದ್ರಿ?”

“ಇಲ್ಲಿ ಕೆಲಸ ಏನಾದ್ರೂ ಖಾಲಿ ಇದೆಯಾ ಅಂತ ಕೇಳೋಕೆ ಬಂದೆ.”

“ಇದೆ. ಕೊಟ್ಟೆ. ಕಾಯಂ. ಪ್ರಶ್ನಪ್ಪ, ಏಳಿ ಮೇಲೆ.”

“ಮೇಡಂ! ‘ಗೊತ್ತಿಲ್ಲ’ ತಂದಿದ್ದು ನಾನಲ್ವಾ?”

“ಈಗ ಇವರು ನಮ್ಮ ನೌಕರರು. ನೌಕರರ ಉತ್ತರ ಲೆಕ್ಕಕ್ಕೆ ಬರಲ್ಲ. ನಿಮ್ಮ ಕಾಲಂ ಮತ್ತೆ ಖಾಲಿ. ಹೋಗ್ಲಿ, ಕೆಲಸ ತೆಗೆಯಲ್ಲ. ಹಂಗಾಮಿಯಾಗೇ ಇರಿ, ನಾಳೆ ಇನ್ನೊಬ್ಬನ್ನ ಹುಡುಕಿ.”

ಪ್ರಶ್ನಪ್ಪ ಕುರ್ಚಿ ಬಿಟ್ಟೆದ್ದು, ಅಪರಿಚಿತನ ಮುಂದೆ ಕೈ ಚಾಚಿ ಕೇಳಿದ. “ನೀವೇ ಹೇಳಿ, ಇದು ನ್ಯಾಯಾನಾ?”

ಆತ ಕುರ್ಚಿಯಲ್ಲಿ ಕೂತ. ಬೆನ್ನು ಒರಗಿಸಿದ. ಒಂದು ಸುತ್ತು ಗರಗರ ತಿರುಗಿ, ಕಾಲ ಮೇಲೆ ಕಾಲು ಹಾಕಿ, ಗಂಟಲು ಸರಿಮಾಡಿಕೊಂಡ.

“ನೋಡಿ, ನನ್ನನ್ನ ಕೇಳಿದ್ರೆ...”

ನ್ಯಾಯದಿಂದ ಶುರುವಾದದ್ದು ಸರ್ಕಾರಕ್ಕೆ ಹಾರಿತು, ಸರ್ಕಾರದಿಂದ ಮೊಬೈಲಿಗೆ, ಮೊಬೈಲಿನಿಂದ ಬಿಸಿನೀರಿಗೆ. ಆಮೇಲೆ, ಈ ಕಚೇರಿಯನ್ನು ಮೇಡಂ ನಡೆಸುವ ರೀತಿ ಎಲ್ಲೆಲ್ಲಿ ತಪ್ಪು ಅನ್ನುವುದಕ್ಕೆ. ಮೇಲ್ವಿಚಾರಕಿ ಗಾಳಿ ಹೋಗುತ್ತಿರುವ ಬಲೂನಿನಂತೆ ತಮ್ಮ ಸೀಟಿನಲ್ಲಿ ಇಳಿಯುತ್ತಾ ಇಳಿಯುತ್ತಾ, ‘ಕಾಪಾಡಿ’ ಅನ್ನುವ ಹಾಗೆ ಪ್ರಶ್ನಪ್ಪನತ್ತ ನೋಡಿದರು.

ಪ್ರಶ್ನಪ್ಪ ಬಹಳ ವಿನಯದಿಂದ ನಮಸ್ಕರಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡ. ಕುರ್ಚಿ ಹೋಗಿತ್ತು, ಕಾಲಂ ಖಾಲಿಯಾಗಿತ್ತು. ಆದರೂ ಅವತ್ತು ಅವನು ಮೆಟ್ಟಿಲಿಳಿದ ಠೀವಿ ನೋಡಿ, ಕೆಳಗೆ ಕಾದಿದ್ದ ಜನ ಇನ್ನೊಮ್ಮೆ ಜಯಕಾರ ಹಾಕಿದರು.